ಬೈನಾಕ್ಯುಲರ್‌ಗಾಗಿ ಚಂದಾ ಎತ್ತಿದ್ದು

ಮೂರನೇ ಕ್ಲಾಸಿನ ಮಗಳು ಶಾಲೆಯಿಂದ ಬಂದವಳೇ ಬ್ಯಾಗು ಬಿಸಾಕಿ, ಶೂ ಕೂಡ ಬಿಚ್ಚದೆ ಫ್ರಿಜ್ಜಿನ ಬಾಗಿಲಿಗೆ ಒಂದು ಬಣ್ಣದ ಹಾಳೆ ಅಂಟಿಸಿದಳು. 10 ಕೂಪನ್ ಮಾರಿದರೆ ಸ್ಟಿಕ್ಕರ್, 25ಕ್ಕೆ ಕೀಚೈನ್, 50ಕ್ಕೆ ಬೈನಾಕ್ಯುಲರ್, 200ಕ್ಕೆ ಸೈಕಲ್. ಸೈಕಲ್ಲಿನ ಚಿತ್ರವೇ ಅರ್ಧ ಹಾಳೆ. ದುಡ್ಡು ಯಾತಕ್ಕೆ ಅನ್ನುವುದು ಕೆಳಗಡೆ, ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಅದನ್ನು ಅವಳೂ ಓದಲಿಲ್ಲ, ನಾನೂ ಓದಲಿಲ್ಲ.

ಅಸೆಂಬ್ಲಿಯಲ್ಲಿ ಬಹುಮಾನಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು, ಸೈಕಲ್ಲಿನ ಬೆಲ್ ಒಂದು ಸಲ ಹೊಡೆದು ತೋರಿಸಿದರಂತೆ. ಆ ಟ್ರಿಣ್ ಮಕ್ಕಳ ಕಿವಿಯಲ್ಲಿ ಎರಡು ವಾರ ಬಾರಿಸುತ್ತಲೇ ಇತ್ತು. ನನ್ನ ಅನುಮಾನ ಏನೆಂದರೆ, ಸೈಕಲ್ ಇಟ್ಟದ್ದು ಕೊಡುವುದಕ್ಕಲ್ಲ, ತೋರಿಸುವುದಕ್ಕೆ.

ನನ್ನ ಮಗಳು ಲೆಕ್ಕದಲ್ಲಿ ಚುರುಕು. "ಅಪ್ಪಾ, ಸೈಕಲ್ ನನ್ನ ಹತ್ರ ಇದೆ. ನಂಗೆ ಬೈನಾಕ್ಯುಲರ್ ಸಾಕು" ಅಂದಳು. ಸದ್ಯ 150 ಕೂಪನ್ ಉಳಿಯಿತು ಎಂದು ಸಮಾಧಾನಪಟ್ಟೆ. ಉಳಿದ 50ರಲ್ಲಿ ನನ್ನ ಪಾಲು ಎಷ್ಟು ಅನ್ನುವುದು ಆಗ ಗೊತ್ತಿರಲಿಲ್ಲ.

ಮೊದಲ ಸಂಜೆ ಅವಳ ಹಿಂದೆ ಬಾಡಿಗಾರ್ಡಿನ ಹಾಗೆ ನಾನೂ ಹೊರಟೆ. ಮೇಲಿನ ಮಹಡಿಯ ಅಜ್ಜಿ ಬಾಗಿಲು ತೆಗೆದರು. ಕೂಪನ್ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಓದಲಾಗದೆ ಕೇಳಿದರು: "ದುಡ್ಡು ಯಾತಕ್ಕಮ್ಮಾ?"

"ಬೈನಾಕ್ಯುಲರ್‌ಗೆ ಅಜ್ಜಿ!"

ಅಜ್ಜಿ ನನ್ನ ಮುಖ ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ. ಪಾಪ, ಎರಡು ಕೂಪನ್ ತೆಗೆದುಕೊಂಡರು.

ಹೋದ ವರ್ಷ ಇದೇ ಶಾಲೆಗೆಂದು ಇದೇ ಹುಡುಗಿ ಹಳೇ ಪೇಪರ್ ಸಂಗ್ರಹಿಸಿದ್ದಳು. ಬಹುಮಾನ ಗಿಹುಮಾನ ಏನೂ ಇರಲಿಲ್ಲ. ಕತ್ತಲಾದರೂ ಮನೆಗೆ ಬಾರದೆ ಮೆಟ್ಟಿಲು ಹತ್ತಿ ಇಳಿದು, ಬಿಟ್ಟ ಮನೆಯಿಲ್ಲ ಅನ್ನುವಷ್ಟು ಬಾಗಿಲು ತಟ್ಟಿದ್ದಳು. ಈ ಸಲ ಎರಡನೇ ಸಂಜೆಗೇ ಶುರುವಾಯಿತು: "ಆ ಮನೇಲಿ ಒಂದೇ ತಗೊಳ್ಳೋದು, ಬೇಡ. ಈ ಆಂಟಿ ಚಿಲ್ಲರೆ ಇಲ್ಲ ಅಂತಾರೆ, ಬೇಡ." ಮೂರನೇ ಸಂಜೆ ನೇರವಾಗಿ ಹೇಳಿಬಿಟ್ಟಳು. "ಅಪ್ಪಾ, ನಿಮ್ಮ ಆಫೀಸಲ್ಲಿ ತುಂಬಾ ಜನ ಇದಾರಲ್ವಾ?"

ಇದ್ದರು. ಆದರೆ ಅವರಿಗೂ ಮಕ್ಕಳಿದ್ದವು, ಆ ಮಕ್ಕಳಿಗೂ ಶಾಲೆಗಳಿದ್ದವು, ಆ ಶಾಲೆಗಳಿಗೂ ಕೂಪನ್ ಪುಸ್ತಕಗಳಿದ್ದವು. ನನ್ನ 5 ಒಬ್ಬ ತೆಗೆದುಕೊಂಡ, ಅವನ 5 ನಾನು ತೆಗೆದುಕೊಂಡೆ. ಮುಯ್ಯಿಗೆ ಮುಯ್ಯಿ. ದುಡ್ಡು ಇಬ್ಬರ ಜೇಬಿನಿಂದಲೂ ಹೋಯಿತು, ಬೇಡದ ಚೀಟಿ ಇಬ್ಬರ ಜೇಬಿಗೂ ಬಂತು. ಮಕ್ಕಳಿಲ್ಲದ ಒಬ್ಬ ಸಹೋದ್ಯೋಗಿಯಂತೂ ಆ ಎರಡು ವಾರ ನನ್ನನ್ನು ಕಂಡರೆ ಕಿವಿಗೆ ಫೋನ್ ಇಟ್ಟುಕೊಂಡು ಮೆಟ್ಟಿಲ ಕಡೆ ನಡೆಯುತ್ತಿದ್ದ. ಒಮ್ಮೆ ಫೋನ್ ತಲೆಕೆಳಗಾಗಿತ್ತು.

ಕೊನೆಯ ದಿನದ ರಾತ್ರಿ ಲೆಕ್ಕ ಹಾಕಿದೆವು. ಮಗಳು ಮಾರಿದ್ದು 14, ಅವಳ ಅಮ್ಮ 6, ನನ್ನ ಆಫೀಸಿನಲ್ಲಿ 12, ನಾನೇ ಕೊಂಡಿದ್ದು 17. ಒಟ್ಟು 49.

"ರೀ, ಇನ್ನೊಂದು ತಾನೆ, ನೀವೇ ತಗೊಂಡ್ಬಿಡಿ" ಅಂದಳು ನನ್ನವಳು.

ಅಷ್ಟೇನೂ ಕಷ್ಟವಲ್ಲ. ಕಷ್ಟವಿದ್ದದ್ದು ಅರ್ಧಚೀಟಿಯಲ್ಲಿ. ಹರಿದುಕೊಟ್ಟ ಮೇಲೆ ಪುಸ್ತಕದಲ್ಲೇ ಉಳಿಯುವ ಆ ತುಂಡಿನಲ್ಲಿ ಕೊಂಡವರ ಹೆಸರು ಬರೆಯಬೇಕು. 18 ಕಡೆ ನನ್ನದೇ ಹೆಸರಿದ್ದರೆ ಮಿಸ್ ಏನಂದುಕೊಂಡಾರು? ಒಂದರಲ್ಲಿ ಪೂರ್ತಿ ಹೆಸರು ಬರೆದೆ, ಒಂದರಲ್ಲಿ ಇನಿಶಿಯಲ್ ಹಿಂದುಮುಂದು ಮಾಡಿದೆ, ಒಂದರಲ್ಲಿ ಅಮ್ಮ ನನ್ನನ್ನು ಕರೆಯುವ ಹೆಸರು. ನೀಲಿ ಪೆನ್ನು, ಕಪ್ಪು ಪೆನ್ನು, ಕೊನೆಗೆ ಎಡಗೈ. ಖೋಟಾ ಸಹಿ ಮಾಡುವವರ ಕಷ್ಟ ಏನೆಂದು ಆ ರಾತ್ರಿ ಅರ್ಥವಾಯಿತು.

ಅಷ್ಟು ಹೊತ್ತಿಗೆ ನಿದ್ದೆ ಹಾರಿಹೋಗಿ, ಬಹುಮಾನ ಕೊಟ್ಟರೆ ಮಕ್ಕಳು ನಿಜವಾಗಿ ಹೆಚ್ಚು ಚಂದಾ ಎತ್ತುತ್ತಾರಾ ಎಂದು ಮೊಬೈಲಿನಲ್ಲಿ ಹುಡುಕುತ್ತಾ ಕೂತೆ. ಯೂರಿ ಗ್ನೀಜಿ, ಆಲ್ಡೊ ರುಸ್ಟಿಚಿನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇಸ್ರೇಲಿನಲ್ಲಿ ಇದನ್ನೇ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ್ದಾರೆ. ಮನೆಮನೆಗೆ ಹೋಗಿ ಚಂದಾ ಎತ್ತುವ 180 ಹೈಸ್ಕೂಲ್ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಈ ಕೆಲಸ ಎಷ್ಟು ಮುಖ್ಯ ಅನ್ನುವ ನಾಲ್ಕು ಮಾತು, ಅಷ್ಟೇ. ಇನ್ನೊಂದಕ್ಕೆ ಆ ಮಾತಿನ ಜೊತೆಗೆ ಎತ್ತಿದ್ದರ ಶೇ. 1ರಷ್ಟು ಕಮಿಷನ್, ಮತ್ತೊಂದಕ್ಕೆ ಶೇ. 10. ಕಮಿಷನ್ನಿನ ದುಡ್ಡು ಚಂದಾದಿಂದ ಕಳೆಯುವುದಿಲ್ಲ, ಬೇರೆ ಕೊಡುತ್ತೇವೆ ಅಂತಲೂ ಹೇಳಿದ್ದರು. ಎಲ್ಲರಿಗಿಂತ ಹೆಚ್ಚು ತಂದವರು ಬರೀ ಮಾತು ಕೇಳಿ ಹೋದವರು! ಶೇ. 10ರವರು ಎರಡನೆಯವರು, ಶೇ. 1ರವರು ಎಲ್ಲರಿಗಿಂತ ಹಿಂದೆ. ಚೂರುಪಾರು ಆಸೆ ಹುಟ್ಟಿಸುವುದಕ್ಕಿಂತ ಸುಮ್ಮನಿರುವುದೇ ವಾಸಿ ಅಂತ ಆಯಿತಲ್ಲ. ಅಂದರೆ ಕೀಚೈನ್.

ಇದನ್ನು ಉತ್ಸಾಹದಿಂದ ಓದಿ ಹೇಳಿದೆ. ನನ್ನವಳು ದಿಂಬಿನಿಂದ ತಲೆ ಎತ್ತದೆ ಕೇಳಿದಳು: "ನೀವು ಯಾವ ಗುಂಪು?" ಯೋಚಿಸಿದೆ. ಕಮಿಷನ್ ಪಡೆಯುವ ಬದಲು ಕೈಯಿಂದ ಕೊಟ್ಟು ಓಡಾಡಿದ ನಾಲ್ಕನೇ ಗುಂಪೊಂದಿದೆ, ಅದನ್ನು ಅವರು ಪರೀಕ್ಷಿಸಿಲ್ಲ.

ತಿಂಗಳ ಮೇಲೆ ಬೈನಾಕ್ಯುಲರ್ ಬಂತು. ಅಂಗೈಯಗಲದ ಹಸಿರು ಪ್ಲಾಸ್ಟಿಕ್, ಅಲ್ಲಾಡಿಸಿದರೆ ಒಳಗೆ ಏನೋ ಗಲಗಲ ಅನ್ನುತ್ತದೆ. ದೂರದ್ದು ದೂರದಲ್ಲೇ ಕಂಡಿತು, ಸ್ವಲ್ಪ ಮಂಜಾಗಿ. ತಿರುಗಿಸಿ ಹಿಡಿದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಎದುರಿಗೇ ಕೂತ ನಾನು ಆಚೆ ಬೀದಿಗೆ ಹೋಗಿಬಿಟ್ಟಿದ್ದೆನಂತೆ. ಸಂಜೆಯ ಹೊತ್ತಿಗೆ ಅದು ಸೋಫಾದ ಸಂದಿ ಸೇರಿತ್ತು. ಅದನ್ನು ಎತ್ತಿಡುವಾಗಲೇ ನನ್ನ ಜೇಬಿನ ಕೂಪನ್ ಕೈಗೆ ಸಿಕ್ಕಿ, ಹಿಂಬದಿಯ ಇರುವೆ ಸಾಲು ಓದಿದ್ದು: ಶಾಲೆಯ ಲೈಬ್ರರಿಯ ಸೂರು ರಿಪೇರಿಗೆ.

"ಹೂಂ ಅಪ್ಪಾ, ಸೋರುತ್ತೆ. ಕಪಾಟಿನ ಕೆಳಗೆ ಬಕೆಟ್ ಇಟ್ಟಿದಾರೆ. ನಾನು ಅರ್ಧ ಓದಿದ್ದ ಬುಕ್ಕು ಉಬ್ಬಿಹೋಗಿದೆ" ಅಂದಳು ಮಗಳು. ಇಷ್ಟನ್ನೇ ಹೇಳಿದ್ದರೆ ಆ ಅಜ್ಜಿ ಹತ್ತು ಕೂಪನ್ ತೆಗೆದುಕೊಳ್ಳುತ್ತಿದ್ದರೇನೋ!

ಅಜ್ಜಿ ಮರೆತಿರಲಿಲ್ಲ. ಭಾನುವಾರ ಬೆಲ್ ಆಯಿತು. "ಬೈನಾಕ್ಯುಲರ್ ಬಂತೇನಮ್ಮಾ? ನಾನು ದುಡ್ಡು ಕೊಟ್ಟಿದ್ದು ಅದಕ್ಕೇ ತಾನೆ. ಎಲ್ಲಿ, ಒಂದ್ಸಲ ನೋಡೋಣ."

ಮಗಳು ಸೋಫಾದ ಸಂದಿಯಿಂದ ತೆಗೆದುಕೊಟ್ಟಳು. ಅಜ್ಜಿ ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದರು. "ಎಲ್ಲಾ ಮಂಜು ಮಂಜು. ಕನ್ನಡಕ ಮೇಲೆ ಮರೆತು ಬಂದೆ, ಹಾಕ್ಕೊಂಡು ನೋಡಿ ಕೊಡ್ತೀನಿ" ಎಂದು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿದರು. ಇನ್ನೂ ನೋಡುತ್ತಿದ್ದಾರೆ.