ಟಯರ್ ಹಾಕಿಸುವ ಮುಂಚೆ ಯಾವ ರಸ್ತೆ ಅಂತ ಕೇಳಿ

ಇವತ್ತು ಬೆಳಗ್ಗೆ ಸ್ಟೆಪ್ನಿಗೆ ಪಂಕ್ಚರ್ ಹಾಕಿಸಲು ಪೇಟೆಗೆ ಹೋಗಿದ್ದೆ. ಟಯರ್ ಅಂಗಡಿ ಮುಂದೆ ಒಂದು ಹೊಸ ಫೋರ್ ವೀಲ್ ಡ್ರೈವ್ ಜೀಪು ಜಾಕ್ ಮೇಲೆ ನಿಂತಿತ್ತು. ಕಂಪನಿಯಿಂದ ಬಂದ ನಾಲ್ಕೂ ಟಯರ್ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಹೊಸ ಟಯರಿನ ಮೇಲೆ ಕೂದಲಿನ ಹಾಗೆ ರಬ್ಬರ್ ಎಳೆ ಇರುತ್ತದಲ್ಲ, ಅದು ಕೂಡ ಇನ್ನೂ ಪೂರ್ತಿ ಉದುರಿರಲಿಲ್ಲ. ಆ ಜಾಗಕ್ಕೆ ದಪ್ಪ ದಪ್ಪ ಬಟನ್ನಿನ, ಅಂದರೆ ರಸ್ತೆಗೆ ತಾಗುವ ರಬ್ಬರ್ ಉಬ್ಬುಗಳ, ಕೆಸರಿಗೆಂದೇ ಮಾಡಿದ ಮಡ್ ಟೆರೇನ್ (ಎಂಟಿ) ಟಯರ್ ಏರುತ್ತಿತ್ತು.

ಗಾಡಿಯ ಹುಡುಗನಿಗೆ ಇಪ್ಪತ್ತೈದು ವರ್ಷ ಇರಬಹುದು. "ಎಲ್ಲಿ ಓಡಿಸ್ತೀಯಪ್ಪಾ ಇದನ್ನ?" ಎಂದು ಕೇಳಿದೆ.

"ಬೆಂಗಳೂರಲ್ಲೇ ಆಂಟಿ. ರಜಾ ಇದ್ದಾಗ ಈ ಕಡೆ ಬರ್ತೀವಿ. ಶನಿವಾರ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗ್ತಿದೀವಿ."

"ಮತ್ತೆ ಈ ಟಯರ್ ಯಾಕೆ?"

"ಲುಕ್ ಚೆನ್ನಾಗಿರುತ್ತೆ. ಮಳೆಗೂ ಒಳ್ಳೇದಂತೆ ಆಂಟಿ."

ಮಳೆಗೂ ಒಳ್ಳೇದಂತೆ. ಆ ಮಾತು ಬೆಳಗ್ಗಿನಿಂದ ತಲೆಯಲ್ಲಿ ಕೂತಿದೆ. ನಾನು ಅಂಗಡಿಯವರ ಮುಖ ನೋಡಿದೆ. "ಎಂ ಪ್ಲಸ್ ಎಸ್ ಅಂತ ಬರೆದಿದೆ ನೋಡಿ ಮೇಡಂ, ಕೆಸರಿಗೂ ಆಗುತ್ತೆ, ಮಳೆಗೂ ಆಗುತ್ತೆ" ಎಂದರು. ಎಂ ಅಂದರೆ ಕೆಸರು, ಎಸ್ ಅಂದರೆ ಹಿಮ. ಮಳೆ ಎಲ್ಲಿಂದ ಬಂತು? ಅದೂ ತಯಾರಕರು ಬಟನ್ನಿನ ಆಕಾರ ನೋಡಿ ತಾವೇ ಹಾಕಿಕೊಳ್ಳುವ ಗುರುತು. ಆ ಎರಡು ಅಕ್ಷರ ಹಾಕಲು ಟಯರನ್ನು ಯಾವ ಪರೀಕ್ಷೆಗೂ ಒಡ್ಡಬೇಕಾಗಿಲ್ಲ.

ನನಗೆ ಸಿಟ್ಟು ಬಂದದ್ದು ಹುಡುಗನ ಮೇಲಲ್ಲ. ಅಷ್ಟು ದುಡ್ಡು ಎಣಿಸಿಕೊಳ್ಳುವ ಅಂಗಡಿಯವರು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಯಾವ ರಸ್ತೆಯಲ್ಲಿ ಓಡಿಸ್ತೀರಿ? ಇಷ್ಟೇ. ಔಷಧಿ ಅಂಗಡಿಯವರೂ ಯಾರಿಗೆ, ವಯಸ್ಸೆಷ್ಟು ಅಂತ ಕೇಳುತ್ತಾರೆ ಅಲ್ವಾ?

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಒದ್ದೆ ಡಾಂಬರಿನ ಮೇಲೆ ಟಯರ್ ಹಿಡಿಯಬೇಕಾದರೆ ರಬ್ಬರಿಗೂ ರಸ್ತೆಗೂ ನಡುವೆ ಇರುವ ನೀರಿನ ತೆಳು ಪದರ ಒಡೆಯಬೇಕು. ಅದಕ್ಕೆ ಬಟನ್ನಿನ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ಸಣ್ಣ ಸಣ್ಣ ಸೀಳು ಬೇಕು, ರಸ್ತೆಗೆ ತಾಗುವ ರಬ್ಬರೂ ಜಾಸ್ತಿ ಬೇಕು. ಮಡ್ ಟೆರೇನ್ ಟಯರಿನಲ್ಲಿ ಇವೆರಡೂ ಕಮ್ಮಿ. ಬಟನ್ ದೊಡ್ಡದು, ನಡುವಿನ ಸಂದು ಅಗಲ, ಸೀಳು ಅಪರೂಪ. ಆ ಅಗಲ ಸಂದು ಇರುವುದು ಮಣ್ಣು ಅಂಟದೆ ಆಚೆ ಎಸೆಯಲಿ ಎಂದು. ಕೆಸರಿನಲ್ಲಿ ಅದರ ಸಮ ಇಲ್ಲ, ಒಪ್ಪುತ್ತೇನೆ. ಆದರೆ ಘಾಟಿ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಕೆಲಸಕ್ಕೆ ಬರುವುದು ರಸ್ತೆಗೆ ತಾಗಿದ ರಬ್ಬರ್ ಮಾತ್ರ. ಸಂದು ಯಾವ ಗಾಡಿಯನ್ನೂ ನಿಲ್ಲಿಸುವುದಿಲ್ಲ.

ಇದನ್ನು ನಾನು ಓದಿ ಕಲಿತದ್ದಲ್ಲ. ಇವತ್ತಿನವರೆಗೂ ಇಲ್ಲಿ ಬರೆದಿರಲಿಲ್ಲ, ಈಗ ಬರೆಯುತ್ತೇನೆ.

ನಮ್ಮ ಬೊಲೆರೊ ನಿಮಗೆಲ್ಲ ಗೊತ್ತು. ಕಾಫಿ ಮೂಟೆ, ಗೊಬ್ಬರ, ತೋಟದ ಕೆಲಸದವರ ಲೈನ್ ಮನೆಯ ಮಕ್ಕಳು, ಮದುವೆ ಮನೆಯ ಪಾತ್ರೆ, ಎಲ್ಲವೂ ಅದರಲ್ಲೇ. ನಾಲ್ಕು ವರ್ಷದ ಹಿಂದೆ ಟಯರ್ ಸವೆದಾಗ ತಮ್ಮ "ಅಕ್ಕಾ, ತೋಟದ ಗಾಡಿ, ಎಂಟಿನೇ ಹಾಕ್ಸು" ಎಂದ. ಹಾಕಿಸಿದೆ. ಅಳತೆಯನ್ನೂ 215/75 ಆರ್ 15ರಿಂದ 235/75 ಆರ್ 15ಕ್ಕೆ ಏರಿಸಿದೆ. ಅಂದರೆ ಟಯರ್ ಸುಮಾರು 30 ಮಿ.ಮೀ. ಎತ್ತರವಾಯಿತು. ಗಾಡಿ ಎತ್ತರವಾಗಿದ್ದು ಬರೀ 15 ಮಿ.ಮೀ. ಮೀಟರ್ 60 ತೋರಿಸುವಾಗ ಗಾಡಿ 62ರ ಮೇಲೆ ಓಡುತ್ತಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜುತ್ತಿತ್ತು. ಡೀಸೆಲ್ ಜಾಸ್ತಿ ಕುಡಿಯಿತು. ಡಾಂಬರಿನ ಮೇಲೆ ಒಂದೇ ಸಮ ಗುಂಯ್ ಎನ್ನುವ ಸದ್ದು, ಹಿಂದೆ ಕೂತವರ ಮಾತು ನನಗೆ ಕೇಳುತ್ತಿರಲಿಲ್ಲ.

ಅವೆಲ್ಲ ಹೋಗಲಿ. ಜುಲೈ ತಿಂಗಳು, ಮಾವನ ಕಣ್ಣು ತೋರಿಸಲು ಮಂಗಳೂರಿಗೆ ಹೊರಟಿದ್ದೆವು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಮಂಜು, ಜಿಟಿಜಿಟಿ ಮಳೆ. ಜೋರಾಗಿ ಓಡಿಸುತ್ತಿರಲಿಲ್ಲ, ಮೂವತ್ತರ ಆಸುಪಾಸು ಇದ್ದಿರಬಹುದು. ಒಂದು ತಿರುವಿನಲ್ಲಿ ಎದುರಿಗೆ ಬಸ್ ಬಂತು. ಬ್ರೇಕ್ ಒತ್ತಿದೆ. ಹಿಂದಿನ ಭಾಗ ಹಗುರವಾಗಿ ಪಕ್ಕಕ್ಕೆ ಹೊರಟಿತು. ಸದ್ದಿಲ್ಲ, ಏನಿಲ್ಲ. ಸೋಪಿನ ಮೇಲೆ ಕಾಲಿಟ್ಟ ಹಾಗೆ. ತಡೆಗೋಡೆಗೆ ಒಂದು ಗೇಣು ಬಿಟ್ಟು ಗಾಡಿ ನಿಂತಿತು. ಗೋಡೆಯ ಆಚೆ ಬರೀ ಮಂಜು.

ಮಾವ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ನಿಧಾನಕ್ಕೆ ಹೋಗಮ್ಮ" ಎಂದರು, ಅಷ್ಟೇ. ಇವತ್ತಿನವರೆಗೂ ಆ ವಿಷಯ ಎತ್ತಿಲ್ಲ. ನನ್ನ ಕೈ ಉಜಿರೆ ತಲುಪುವವರೆಗೂ ನಡುಗುತ್ತಿತ್ತು. ಇಪ್ಪತ್ತು ವರ್ಷದಿಂದ ಆ ಘಾಟಿ ಇಳಿದವಳು ನಾನು. ಬದಲಾಗಿದ್ದು ಟಯರ್ ಒಂದೇ.

ತೋಟದವರು ಈಗ ಜಗಳಕ್ಕೆ ಬರುತ್ತೀರಿ, ಗೊತ್ತು. ಮಳೆಗಾಲದಲ್ಲಿ ಎಂಟಿ ಇಲ್ಲದೆ ನಮ್ಮ ಏರು ಹತ್ತುತ್ತಾ ಅಂತ. ನಮ್ಮಲ್ಲೂ ಗೇಟಿನಿಂದ ಲೈನ್ ಮನೆಗೆ ಅರ್ಧ ಕಿಲೋಮೀಟರ್ ಕೆಂಪು ಜೇಡಿಮಣ್ಣಿನ ಏರು ಇದೆ. ಅಲ್ಲಿ ಡಾಂಬರಿಗೂ ಮಣ್ಣಿಗೂ ಎರಡಕ್ಕೂ ಆಗುವ ಆಲ್ ಟೆರೇನ್ ಟಯರಿನ ಸಂದಿಗೆ ಮಣ್ಣು ತುಂಬಿ ಬೋಳು ಟಯರ್ ಥರ ಆಗಿಬಿಡುತ್ತದೆ, ನಿಜ. ಆದರೆ ಅರ್ಧ ಕಿಲೋಮೀಟರ್ ಕೆಸರಿಗಾಗಿ ವರ್ಷಪೂರ್ತಿ ಡಾಂಬರಿನ ಮೇಲೆ ಜೀವ ಪಣಕ್ಕಿಡುವುದಾ? ನಮ್ಮ ಹಿರಿಯರ ಜೀಪಿಗೆ 6.00-16ರ ಸಪೂರ ಟಯರ್ ಇತ್ತು. ಅದು ಕೆಸರು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತಿತ್ತು. ತೀರಾ ಆಗದಿದ್ದರೆ ಹಿಂದಿನ ಚಕ್ರಕ್ಕೆ ಚೈನ್ ಕಟ್ಟುತ್ತಿದ್ದರು. ಈಗ ನಾನೂ ಅದನ್ನೇ ಮಾಡುತ್ತೇನೆ. ಒಂದು ಜೊತೆ ಚೈನ್ ಸೀಟಿನ ಕೆಳಗೆ ಬಿದ್ದಿರುತ್ತದೆ. ಕಟ್ಟಲು ಹತ್ತು ನಿಮಿಷ, ಡಾಂಬರು ಸಿಕ್ಕಿದ ಕೂಡಲೇ ಬಿಚ್ಚುತ್ತೇನೆ. ದಿನವಿಡೀ ತೋಟದೊಳಗೇ ಓಡುವ ಗಾಡಿಯಾದರೆ ಧಾರಾಳವಾಗಿ ಎಂಟಿ ಹಾಕಿಸಿ. ಆಸ್ಪತ್ರೆಗೆ, ಶಾಲೆಗೆ, ಸಂತೆಗೆ ಅದೇ ಗಾಡಿ ಹೋಗುವುದಾದರೆ ಬೇಡ.

ಗಾಳಿಯ ವಿಷಯವಂತೂ ಯಾರಿಗೂ ಬೇಡ. ಏರಿನ ಬುಡದಲ್ಲಿ ನಿಂತು ಗಾಳಿ 20 ಪಿಎಸ್ಐಗೆ ಇಳಿಸಿದರೆ ಟಯರಿನ ತಳ ಉದ್ದವಾಗಿ ನೆಲಕ್ಕೆ ಹಾಸಿಕೊಳ್ಳುತ್ತದೆ, ಸಾಧಾರಣ ಟಯರೂ ಅರ್ಧ ಏರು ಜಾಸ್ತಿ ಹತ್ತುತ್ತದೆ. ಹೊಸ ಟಯರಿಗೆ ಸಾವಿರಾರು ರೂಪಾಯಿ ಕೊಡುವವರು ಸಿಗರೇಟ್ ಲೈಟರಿಗೆ ಚುಚ್ಚುವ ಸಣ್ಣ ಪಂಪ್ ಯಾಕೆ ಇಟ್ಟುಕೊಳ್ಳುವುದಿಲ್ಲ? ರಸ್ತೆಗೆ ಬಂದ ಮೇಲೆ ಮರೆಯದೆ ವಾಪಸ್ ತುಂಬಿಸಬೇಕು. ಕಮ್ಮಿ ಗಾಳಿಯಲ್ಲಿ ಜೋರಾಗಿ ಓಡಿಸಿದರೆ ಟಯರಿನ ಪಕ್ಕದ ಗೋಡೆ ಬಿಸಿಯಾಗಿ ಒಡೆಯುತ್ತದೆ. ಆ ಗೋಡೆ ಒಮ್ಮೆ ಹರಿದರೆ ಪಂಕ್ಚರ್ ಹಾಕಲು ಬರುವುದಿಲ್ಲ, ಟಯರನ್ನೇ ಎಸೆಯಬೇಕು.

ನಾನು ಎರಡನೇ ಸಲ ಆಲ್ ಟೆರೇನ್ ತಗೊಂಡೆ, ಕಂಪನಿ ಅಳತೆಯಲ್ಲೇ. ಆವತ್ತು ಅಂಗಡಿಯಲ್ಲಿ ಬಗ್ಗಿ ನೋಡಿದ್ದು ಎರಡೇ. ಒಂದು, ಪಕ್ಕದಲ್ಲಿ ಬರೆದ 100 ಎಸ್. ಇಲ್ಲಿ ಎಸ್ ಅಂದರೆ ಹಿಮ ಅಲ್ಲ, ವೇಗದ ಮಿತಿಯ ಗುರುತು. 100 ಅಂದರೆ ಒಂದು ಟಯರ್ 800 ಕೆ.ಜಿ. ಹೊರುತ್ತದೆ, ಕಾಫಿ ಮೂಟೆ ಹೇರುವ ಗಾಡಿಗೆ ಇದು ಮುಖ್ಯ. ಇನ್ನೊಂದು, ತಯಾರಾದ ದಿನ. 3522 ಅಂತಿದ್ದರೆ 2022ರ 35ನೇ ವಾರ. ನಾಲ್ಕು ವರ್ಷ ಗೋಡೌನಿನಲ್ಲಿ ಕೂತು ರಬ್ಬರ್ ಗಟ್ಟಿಯಾದ ಟಯರ್ ಹೊಳೆಯುವ ಹಾಗೆ ಒರೆಸಿ ಕೊಟ್ಟರೆ ತಗೋಬೇಡಿ. ನಾಲ್ಕೂ ಒಂದೇ ಥರದ್ದು ಹಾಕಿಸಿದೆ. ಫೋರ್ ವೀಲಿನಲ್ಲಿ ಮುಂದಿನ ಟಯರಿಗೂ ಹಿಂದಿನದಕ್ಕೂ ಸುತ್ತಳತೆ ಬೇರೆಯಾದರೆ ಒಳಗಿನ ಗೇರುಗಳು ಒಂದಕ್ಕೊಂದು ಎಳೆದಾಡುತ್ತವೆ. ಮೂರು ಮಳೆಗಾಲ ಕಳೆದಿದೆ. ಏರಿನಲ್ಲಿ ಎರಡು ಸಲ ಹೂತಿದ್ದೇನೆ, ಎರಡು ಸಲವೂ ಟ್ರ್ಯಾಕ್ಟರ್ ಬಂದು ಎಳೆಯಿತು. ಘಾಟಿಯಲ್ಲಿ ಒಮ್ಮೆಯೂ ಜಾರಿಲ್ಲ.

ಇಷ್ಟನ್ನೂ ಆ ಹುಡುಗನಿಗೆ ಹೇಳಲು ಆಗಲಿಲ್ಲ. ಮೂರು ಚಕ್ರ ಆಗಲೇ ಕೂತಿತ್ತು. "ಹಳೇ ಟಯರ್ ಮಾರಬೇಡ, ಮನೇಲಿಟ್ಟುಕೋ" ಎಂದೆ. "ಇಲ್ಲೇ ಎಕ್ಸ್‌ಚೇಂಜ್ ಕೊಟ್ಟೆ ಆಂಟಿ" ಎಂದ. ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲೇ ಇಳಿ, ಬ್ರೇಕ್ ಒಮ್ಮೆಲೇ ಒತ್ತಬೇಡ, ಮುಂದಿನ ಗಾಡಿಗೆ ದೂರ ಬಿಡು ಎಂದೆ. ಒಳ್ಳೆಯ ಹುಡುಗ, ಪೂರ್ತಿ ಕೇಳಿಸಿಕೊಂಡ, ಥ್ಯಾಂಕ್ಸ್ ಹೇಳಿದ.

ಬಿಳಿ ಜೀಪು, ಹೊಚ್ಚಹೊಸ ಎಂಟಿ ಟಯರ್, ಜೊತೆಗೆ ಮೂವರು ಸ್ನೇಹಿತರು. ಅವನನ್ನು ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ ಶನಿವಾರದ ಒಳಗೆ ಒಂದು ಫೋನ್ ಮಾಡಿ. ಇಲ್ಲಿ ಮಧ್ಯಾಹ್ನದಿಂದ ಮಳೆ ಬಿಟ್ಟಿಲ್ಲ.