ವಾಚು ನಿಲ್ಲುವ ಮುಹೂರ್ತ

ಅಪ್ಪನ ವಾಚು ಎಚ್‌ಎಂಟಿ ಜನತಾ. 1984ರಲ್ಲಿ ಮದುವೆಗೆ ಮಾವನ ಮನೆಯವರು ಕೊಟ್ಟಿದ್ದು. "ನಿಮ್ಮ ಕಡೆಯಿಂದ ಬಂದಿದ್ದರಲ್ಲಿ ಹೇಳಿದ ಹಾಗೆ ಕೇಳೋದು ಇದೊಂದೇ" ಎಂದು ಅಪ್ಪ ಅಮ್ಮನಿಗೆ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಾರೆ. ಅಂಥ ವಾಚಿನ ಹೊಟ್ಟೆಯ ಫೋಟೊ ತೆಗೆಯುವ ಹುಚ್ಚು ನನಗೆ ಹತ್ತಿತು.

"ಕೆಡದೇ ಇರೋದನ್ನ ಯಾಕೋ ಬಿಚ್ಚಿಸ್ತೀಯ?" ಎಂದರು ಅಪ್ಪ. ಪ್ರಶ್ನೆ ನ್ಯಾಯವಾಗಿತ್ತು. ಅದಕ್ಕೇ ಉತ್ತರ ಕೊಡಲಿಲ್ಲ.

ಸಣ್ಣ ವಸ್ತುವನ್ನು ದೊಡ್ಡದಾಗಿ ಹಿಡಿಯುವ ಮ್ಯಾಕ್ರೊ ಲೆನ್ಸಿನ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಬಡವರ ಉಪಾಯ ಬೇರೆ ಇದೆ. ಕೆಲವು ನೂರು ರೂಪಾಯಿಯ ರಿವರ್ಸ್ ರಿಂಗ್ ತಂದು, ಮಾಮೂಲಿ ಲೆನ್ಸನ್ನೇ ಹಿಂದುಮುಂದಾಗಿ ಕ್ಯಾಮೆರಾಕ್ಕೆ ಸಿಕ್ಕಿಸುವುದು. ಹಿಂದುಮುಂದಾದ ಲೆನ್ಸ್ ಸಾಸಿವೆಯನ್ನು ಕುಂಬಳಕಾಯಿ ಮಾಡಿ ತೋರಿಸುತ್ತದೆ. ಫೋಕಸ್ ಮಾತ್ರ ತಿರುಗಿಸಿದರೆ ಸಿಗಲ್ಲ, ಇಡೀ ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಒಂದು ಫೋಟೊದಲ್ಲಿ ಸ್ಪಷ್ಟವಾಗಿ ಬರುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ ಆಳ. ಸ್ಕ್ರೂವಿನ ತಲೆ ಕಂಡರೆ ಅದರ ಪಕ್ಕದ ಹಲ್ಲುಚಕ್ರ ಮಂಜಿನಲ್ಲಿ ಮಡಿಕೇರಿ. ಅದಕ್ಕೇ ಸ್ವಲ್ಪ ಸ್ವಲ್ಪ ಸರಿಸುತ್ತಾ ನಲವತ್ತು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸಬೇಕು.

ಓಣಿಯ ಕೊನೆಯ ರಿಪೇರಿಯವರು ಮುಚ್ಚಳ ತೆಗೆದುಕೊಟ್ಟು, "ಇದರ ಹತ್ತಿರ ಸೀನಬೇಡಿ" ಎಂದರು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಶುರುವಾದ ಎಚ್‌ಎಂಟಿ ವಾಚು 2016ರಲ್ಲಿ ಬಾಗಿಲು ಹಾಕಿತು. ಒಂದು ಸ್ಕ್ರೂ ಹಾರಿಹೋದರೆ ಕಾರ್ಖಾನೆಗೆ ಕಾಗದ ಬರೆದು ತರಿಸೋಣ ಅನ್ನುವಂತಿಲ್ಲ. ಇದನ್ನು ನೆನೆಸಿಕೊಂಡ ಕೂಡಲೇ ಸೀನು ಬಂತು. ಮೂಗು ಹಿಡಿದು ಹಿತ್ತಲಿಗೆ ಓಡಿದೆ.

ಫ್ಯಾನ್ ಆರಿಸಿ, ಟ್ರೈಪಾಡ್ ನಿಲ್ಲಿಸಿ, ಉಸಿರು ಬಿಗಿಹಿಡಿದು ಇನ್ನೇನು ಶುರು ಅನ್ನುವಾಗ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದರು. ಪರದೆಯ ಮೇಲೆ ಭೂಕಂಪ. ಅದು ನಿಂತ ಮೇಲೆ ಪಕ್ಕದ ಮನೆ ಆಂಟಿ ಬಂದರು. "ಡಯಲ್ ಮೇಲೆ 17 ಜುವೆಲ್ಸ್ ಅಂತ ಬರೆದಿದೆಯಲ್ಲ, ಎಲ್ಲಿ ತೋರಿಸು" ಎಂದರು. ತೋರಿಸಿದೆ. ನಸುಗೆಂಪು ಚುಕ್ಕಿಗಳು, ಚಕ್ರದ ಅಚ್ಚು ಸವೆಯದಿರಲಿ ಅಂತ ಕೂರಿಸಿದ ಕಾರ್ಖಾನೆ ಮಾಣಿಕ್ಯ. ಮೂಗುಬೊಟ್ಟಿಗೂ ಆಗಲ್ಲ ಅಂತ ಗೊತ್ತಾಗಿ ಕಾಫಿ ಕುಡಿದು ಹೋದರು.

ಅಂತೂ ನಲವತ್ತು ಫೋಟೊ ತೆಗೆದು ಜೋಡಿಸಿದೆ. ತೂಗಾಡುತ್ತಾ ವಾಚಿನ ಲಯ ಕಾಯುವ ಬ್ಯಾಲೆನ್ಸ್ ಚಕ್ರಕ್ಕೆ ಬಾಣಾಸುರನಿಗಿರುವಷ್ಟು ಕೈ ಬಂದಿದ್ದವು! ಆಮೇಲೆ ಹೊಳೆಯಿತು. ಅದು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ, ಅತ್ತಿತ್ತ ತೂಗುತ್ತದೆ. ನಲವತ್ತು ಫೋಟೊದಲ್ಲಿ ನಲವತ್ತು ಕಡೆ ಇತ್ತು. ಜನತಾದಲ್ಲಿ ಕೀ ಎಳೆದರೂ ಅದು ನಿಲ್ಲಲ್ಲ. ಕೀ ಕೊಟ್ಟು ಬಿಗಿಮಾಡಿದ ಸ್ಪ್ರಿಂಗ್ ಪೂರ್ತಿ ಸಡಿಲವಾಗಿ ತಾನಾಗಿಯೇ ನಿಲ್ಲಬೇಕು. ಒಂದೂವರೆ ದಿನದ ಮಾತು ಅಂತ ಸ್ಟೀಲ್ ಬಟ್ಟಲು ಕವುಚಿ ಮಲಗಿದೆ.

ಎರಡು ದಿನ ಕಳೆಯಿತು. ಟಿಕ್ ಟಿಕ್. ಮೂರನೆಯ ದಿನವೂ ಟಿಕ್ ಟಿಕ್. ಹಳೇ ಕಾಲದ ಗಟ್ಟಿ ಮಾಲು ಅಂದರೆ ಇದಪ್ಪಾ ಅಂತ ಗೆಳೆಯರಿಗೆಲ್ಲ ಫೋನ್ ಮಾಡಿ ಹೊಗಳಿದೆ. ನಾಲ್ಕನೆಯ ಬೆಳಗ್ಗೆ ಬೇಗ ಎಚ್ಚರವಾಯಿತು. ಆರು ಗಂಟೆ. ಅಪ್ಪ ಬಟ್ಟಲು ಎತ್ತಿ, ಬತ್ತಲೆ ವಾಚನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ ಕೀ ಕೊಡುತ್ತಿದ್ದಾರೆ. ದೇವರಿಗೆ ದೀಪ ಹಚ್ಚುವಷ್ಟು ಶ್ರದ್ಧೆ.

"ಅಪ್ಪಾ, ಅದು ನಿಲ್ಲಬೇಕು!"

"ನಿಲ್ಲೋದಕ್ಕೆ ಯಾರಾದ್ರೂ ವಾಚು ಇಟ್ಕೋತಾರಾ?"

ಕೊನೆಗೆ ವಾಚನ್ನು ನನ್ನ ಬೀರುವಿಗೆ ಸೇರಿಸಿ ಬೀಗ ಹಾಕಿದೆ. ಅದು ನಿಲ್ಲುವವರೆಗೆ ಅಪ್ಪ ಖಾಲಿ ಮಣಿಕಟ್ಟು ನೋಡಿಕೊಂಡು, ನನಗೆ ಕೇಳುವ ಹಾಗೆ ಅಮ್ಮನ ಹತ್ತಿರ ಟೈಮು ಕೇಳುತ್ತಾ ಓಡಾಡಿದರು. ನಾನು ರಾತ್ರಿ ಮೂರಕ್ಕೆ ಎದ್ದು ನಲವತ್ತೆರಡು ಫೋಟೊ ತೆಗೆದೆ. ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ಕೂದಲಿನಷ್ಟು ತೆಳ್ಳಗಿನ ಹೇರ್‌ಸ್ಪ್ರಿಂಗಿನ ಸುರುಳಿ ಸುರುಳಿಯೂ ಬಂದಿತ್ತು. ಅದರ ಮೇಲೆ ತೆಂಗಿನ ಹಗ್ಗದಂತೆ ಅಡ್ಡ ಬಿದ್ದಿದ್ದ ನನ್ನ ಟವೆಲ್ಲಿನ ನೂಲಿನ ಎಳೆಯೂ.

ಆದರೂ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಒಂದು ಸಲ ತಿರುಗಿಸಿ ಹಿಂಭಾಗವನ್ನೂ ನೋಡಿದರು.

"ಎಲ್ಲಾ ಸರಿ. ಇದರಲ್ಲಿ ಗಂಟೆ ಎಷ್ಟು ಅಂತ ಗೊತ್ತಾಗಲ್ವಲ್ಲೋ?"