ಮಾಸ್ಕಿಗೆ ಪುರಾವೆ ಕೇಳಿದವರು, ಶಾಲೆ ಮುಚ್ಚಲು ಕೇಳದವರು

2020ರ ಏಪ್ರಿಲ್‌ನಲ್ಲಿ, ಕೊರೊನಾ ಹರಡುತ್ತಿದ್ದಾಗ, ಸ್ವೀಡನ್‌ನ ಸ್ಟಾಕ್‌ಹೋಮ್‌ನ ಮೆಟ್ರೋದಲ್ಲಿ ಮಾಸ್ಕ್ ಹಾಕಿಕೊಂಡು ಕೂತಿದ್ದೆ. ಇಡೀ ಬೋಗಿಯಲ್ಲಿ ನಾನೊಬ್ಬನೇ. ಎದುರಿಗಿದ್ದ ಹೆಂಗಸು ಎದ್ದು ಬೇರೆ ಕಡೆ ಹೋದರು. ನನಗೆ ಕಾಯಿಲೆ ಇದೆ ಅಂದುಕೊಂಡರೇನೋ. ಅದೇ ವಾರ ತುಮಕೂರಿನಲ್ಲಿ ಅಮ್ಮ ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ತೊಳೆಯುತ್ತಿದ್ದರು.

ಸ್ವೀಡನ್‌ನ ಆರೋಗ್ಯ ಇಲಾಖೆಯವರದು ಆಗ ಒಂದೇ ಮಾತು. ಎಲ್ಲರೂ ಮಾಸ್ಕ್ ಹಾಕಿದರೆ ಉಪಯೋಗ ಅನ್ನುವುದಕ್ಕೆ ಪುರಾವೆ ಸಾಲದು. ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆ ಬದಲಿಸಿತು. ಸ್ವೀಡನ್ 2021ರ ಜನವರಿ 7ರವರೆಗೂ ಕಾಯಿತು. ಆಗಲೂ ಆಫೀಸಿನ ಹೊತ್ತಿನ ಬಸ್ಸು, ರೈಲಿಗೆ ಮಾತ್ರ, ಅದೂ ಬರೀ ಸಲಹೆ.

ನನಗೆ ಇದು ಒಪ್ಪಿಗೆಯಾಗಲೇ ಇಲ್ಲ. ಪುರಾವೆ ಇನ್ನೂ ಸಿಕ್ಕಿಲ್ಲ ಅನ್ನುವುದು ಬೇರೆ, ಉಪಯೋಗವೇ ಇಲ್ಲ ಅನ್ನುವುದು ಬೇರೆ ಅಲ್ವಾ? ಮಾಸ್ಕ್ ಬಗ್ಗೆ ಡೆನ್ಮಾರ್ಕ್‌ನಲ್ಲಿ ನಡೆದ ಒಂದು ಅಧ್ಯಯನ 2020ರ ನವೆಂಬರ್‌ನಲ್ಲಿ ಬಂತು. ಮಾಸ್ಕ್ ಪಡೆದವರಲ್ಲಿ ಶೇ. 1.8, ಪಡೆಯದವರಲ್ಲಿ ಶೇ. 2.1 ಮಂದಿಗೆ ಸೋಂಕು. ಇಷ್ಟು ಸಣ್ಣ ವ್ಯತ್ಯಾಸದಿಂದ ಹೌದು, ಅಲ್ಲ ಎರಡನ್ನೂ ಹೇಳಲಾಗದು. ಹಾಕಿಕೊಂಡವರಿಂದ ಪಕ್ಕದವರಿಗೆ ಹರಡುವುದು ಕಡಿಮೆಯಾಯಿತಾ ಅಂತ ಅದು ನೋಡಿಯೂ ಇರಲಿಲ್ಲ. ಆದರೂ ಎಷ್ಟೋ ಜನ ಅದನ್ನೇ ಹಿಡಿದು ಮಾಸ್ಕ್ ವ್ಯರ್ಥ ಅಂದುಬಿಟ್ಟರು. ಬಾಂಗ್ಲಾದೇಶದಲ್ಲಿ 600 ಹಳ್ಳಿಗಳಲ್ಲಿ, ಮೂರು ಲಕ್ಷಕ್ಕೂ ಜಾಸ್ತಿ ಜನರ ನಡುವೆ ಇನ್ನೊಂದು ಅಧ್ಯಯನ ನಡೆಯಿತು. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ 60 ದಾಟಿದವರಿಗೆ ಲಕ್ಷಣ ಇರುವ ಸೋಂಕು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಫಲಿತಾಂಶ ಬಂದಿದ್ದು 2021ರಲ್ಲಿ. ಅಲ್ಲಿಯವರೆಗೆ ವಯಸ್ಸಾದವರು ಬರಿ ಮುಖದಲ್ಲಿ ಓಡಾಡಬೇಕಿತ್ತಾ? ನನ್ನ ಮುಖಕ್ಕೆ ನಾನು ಒಂದು ಬಟ್ಟೆ ಕಟ್ಟಿಕೊಳ್ಳಲು ಯಾರ ಪುರಾವೆಗೂ ಕಾಯಬೇಕಿಲ್ಲ. ತಪ್ಪಾದರೆ ಹೋಗುವುದು ಹತ್ತು ರೂಪಾಯಿ.

ಆದರೆ ಇನ್ನೊಬ್ಬರ ಮೇಲೆ ಹೇರುವಾಗ ಲೆಕ್ಕ ಬದಲಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಮಾಸ್ಕ್ ಇಲ್ಲದವರಿಗೆ 1,000 ರೂಪಾಯಿ ದಂಡ ಅಂದರು. ಜನ ಸಿಟ್ಟಾದ ಮೇಲೆ 250ಕ್ಕೆ ಇಳಿಸಿದರು. ಸಾವಿರ ರೂಪಾಯಿ ಅಂದರೆ ಆಟೋ ಓಡಿಸುವವರ ಒಂದು ದಿನದ ದುಡಿಮೆ.

ಶಾಲೆಯದು ಇನ್ನೂ ದೊಡ್ಡ ಮಾತು. ಮಾಸ್ಕಿಗೆ ಅಷ್ಟು ಪುರಾವೆ ಕೇಳಿದ ಸ್ವೀಡನ್, ಚಿಕ್ಕ ಮಕ್ಕಳ ಶಾಲೆ ಮುಚ್ಚುವುದಕ್ಕೂ ಅಷ್ಟೇ ಪುರಾವೆ ಕೇಳಿತು. ಸಾಕಷ್ಟು ಸಿಗಲಿಲ್ಲ, ಮುಚ್ಚಲಿಲ್ಲ. ಈ ವಿಷಯದಲ್ಲಿ ಇವರಿಗೆ ಮನಸಾರೆ ಕೈಮುಗಿಯುತ್ತೇನೆ. ನಮ್ಮ ಕರ್ನಾಟಕದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿ ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಮದುವೆ ಛತ್ರ, ಮಾಲು, ಸಿನಿಮಾ ಎಲ್ಲ ತೆರೆದಾಗಿತ್ತು. ಮೊದಲ ಎರಡು ತಿಂಗಳು ಮುಚ್ಚಿದ್ದು ಸರಿ, ಆಗ ಯಾರಿಗೂ ಏನೂ ಗೊತ್ತಿರಲಿಲ್ಲ. ಆಮೇಲಾದರೂ ಯಾರಾದರೂ ಪುರಾವೆ ಕೇಳಬೇಕಿತ್ತು.

ನನ್ನ ಅಕ್ಕನ ಮಗಳು ಎರಡನೇ ತರಗತಿಯನ್ನು ಪೂರ್ತಿ ಅಮ್ಮನ ಫೋನಿನಲ್ಲೇ ಮುಗಿಸಿ ಮೂರನೆಯದಕ್ಕೆ ಹೋದಳು. ಅದೇ ವರ್ಷ ನನ್ನ ಕಿಟಕಿಯ ಕೆಳಗೆ ಅವಳ ವಯಸ್ಸಿನ ಮಕ್ಕಳು ಬೆಳಗ್ಗೆ ಬೆಳಗ್ಗೆ ಬ್ಯಾಗ್ ಹೊತ್ತು, ಹಿಮ ತುಳಿಯುತ್ತಾ ಶಾಲೆಗೆ ಹೋಗುತ್ತಿದ್ದರು.